ಹೈಸ್ಕೂಲಿನ ಕಷ್ಟದ ಇಂಗ್ಲಿಷ್ ಪದಗಳು: ಉರು ಹೊಡೆಯದೆ ಕಲಿಯುವ ದಾರಿ

ಇಂಗ್ಲಿಷ್ ಪದಗಳನ್ನು ಕಲಿಯಬೇಕು ಅಂದ ತಕ್ಷಣ ನಮ್ಮ ಕಡೆ ಮೊದಲು ಆಗುವ ಕೆಲಸ ಒಂದು ದಪ್ಪ ಪುಸ್ತಕ ಕೊಳ್ಳುವುದು. ಎ ಅಕ್ಷರದಿಂದ ಜಡ್‌ವರೆಗೆ ಸಾಲಾಗಿ ಕಷ್ಟದ ಪದಗಳು, ಪಕ್ಕದಲ್ಲಿ ಅರ್ಥ. ಮೊದಲ ವಾರ ಉತ್ಸಾಹ ಜೋರು. ಅದಕ್ಕೇ ‘ಅಬಾಂಡನ್’, ‘ಅಬೇಟ್’, ‘ಅಬ್‌ಹಾರ್’ ಬಹಳ ಮಕ್ಕಳಿಗೆ ಗೊತ್ತಿರುತ್ತವೆ. ಬಿ ಅಕ್ಷರಕ್ಕೆ ಬರುವ ಹೊತ್ತಿಗೆ ದಸರಾ ರಜೆ ಬಂದಿರುತ್ತದೆ. ಆಮೇಲೆ ಪುಸ್ತಕ ಬೀರುವಿನ ಮೇಲೆ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಅಂಥ ಪಟ್ಟಿಗೂ ಮಗು ಓದುತ್ತಿರುವ ಪಾಠಕ್ಕೂ ಸಂಬಂಧವೇ ಇರುವುದಿಲ್ಲ. ‘ಅಬ್‌ಹಾರ್’ ಎಂಬ ಪದ ಮಂಡ್ಯದ ಒಂಬತ್ತನೇ ತರಗತಿ ಹುಡುಗಿಗೆ ಇಡೀ ವರ್ಷ ಒಮ್ಮೆಯೂ ಎದುರಾಗದೆ ಇರಬಹುದು. ‘ಕಾನ್ಸಿಕ್ವೆನ್ಸ್’ ಹಾಗಲ್ಲ. ಇತಿಹಾಸದಲ್ಲಿ ಸಿಗುತ್ತದೆ, ವಿಜ್ಞಾನದಲ್ಲಿ ಸಿಗುತ್ತದೆ, ಪ್ರಶ್ನೆಪತ್ರಿಕೆಯಲ್ಲೂ ಸಿಗುತ್ತದೆ. ಎರಡರಲ್ಲಿ ಯಾವುದು ಮೊದಲು ಬೇಕು, ನೀವೇ ಹೇಳಿ.

ನನ್ನ ಸಲಹೆ ಇಷ್ಟೇ. ಪದಗಳನ್ನು ನಿಮ್ಮದೇ ಪಠ್ಯಪುಸ್ತಕದಿಂದ ಮತ್ತು ನಿಮ್ಮೂರಿನ ಸುದ್ದಿಯಿಂದ ಎತ್ತಿಕೊಳ್ಳಿ. ಎಂಟರಿಂದ ಹತ್ತನೇ ತರಗತಿಯವರಿಗೆ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಸೈನ್ಸೋ ಕಾಮರ್ಸೋ ತೆಗೆದುಕೊಂಡು ಒಂದೇ ಸಲಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಬೀಳುವವರಿಗೆ.

ಮೊದಲು: ಯಾವ ಪದ ಬೇಕು, ಯಾವುದು ಬೇಡ

ಶಾಲೆಯ ಲೆಕ್ಕದಲ್ಲಿ ಇಂಗ್ಲಿಷ್ ಪದಗಳು ಮೂರು ಗುಂಪು. ಮೊದಲನೆಯದು ದಿನಬಳಕೆಯ ಪದಗಳು. ಮೈಕೆಲ್ ವೆಸ್ಟ್ ಎಂಬವರು 1953ರಲ್ಲಿ ಸುಮಾರು 2000 ಪದಗಳ ಇಂಥ ಪಟ್ಟಿಯನ್ನು ಪ್ರಕಟಿಸಿದರು. ಅವರು ಢಾಕಾದಲ್ಲಿ ಕೆಲಸ ಮಾಡಿದವರು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷ್ ಎಂಬ ಮಕ್ಕಳ ಕಷ್ಟವನ್ನು ಹತ್ತಿರದಿಂದ ಕಂಡವರು. ಈ ಗುಂಪು ಗಟ್ಟಿಯಿಲ್ಲದಿದ್ದರೆ ಮುಂದಿನದಕ್ಕೆ ಕೈ ಹಾಕಬೇಡಿ. ‘ಎನಫ್’, ‘ಇನ್‌ಸ್ಟೆಡ್’, ‘ಆಲ್‌ದೋ’ ಗೊತ್ತಿಲ್ಲದೆ ದೊಡ್ಡ ಪದ ಕಲಿತು ಏನು ಮಾಡುವುದು?

ಮೂರನೆಯದು ಪಾಠದ ಪಾರಿಭಾಷಿಕ ಪದಗಳು: ಫೋಟೋಸಿಂಥೆಸಿಸ್, ಮೊಮೆಂಟಮ್, ಪಾರ್ಲಿಮೆಂಟ್. ಇವನ್ನು ಬೇರೆಯಾಗಿ ಕಲಿಯಬೇಕಿಲ್ಲ. ಪಾಠ ಅರ್ಥವಾದರೆ ಪದವೂ ಬಂತು.

ಎಲ್ಲರೂ ಬಿಟ್ಟುಬಿಡುವುದು ನಡುವಿನ ಗುಂಪನ್ನು. ಅನಲೈಸ್, ಎವಿಡೆನ್ಸ್, ಸಿಗ್ನಿಫಿಕಂಟ್, ಸಫಿಷಿಯಂಟ್, ಇಂಡಿಕೇಟ್, ಡಿಸ್ಟ್ರಿಬ್ಯೂಟ್, ಡಿರೈವ್. ಮಾತಿನಲ್ಲಿ ಇವು ಕಡಿಮೆ, ಪುಸ್ತಕದಲ್ಲಿ ಜಾಸ್ತಿ. ಯಾವ ಮೇಷ್ಟ್ರೂ ಇವನ್ನು ‘ನನ್ನ ವಿಷಯದ ಪದ’ ಎಂದು ಹೇಳಿಕೊಡುವುದಿಲ್ಲ, ಏಕೆಂದರೆ ಇವು ಎಲ್ಲ ವಿಷಯಕ್ಕೂ ಸೇರಿದವು. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಎಂಬ ಸಂಶೋಧಕಿ 2000ನೇ ಇಸವಿಯಲ್ಲಿ ಇಂಥ ಪದಗಳನ್ನು ಲೆಕ್ಕ ಹಾಕಿ ಪಟ್ಟಿ ಮಾಡಿದರು. ಅದರಲ್ಲಿ ಇರುವುದು 570 ಪದಕುಟುಂಬಗಳು. ಅನಲೈಸ್, ಅನಾಲಿಸಿಸ್, ಅನಲಿಟಿಕಲ್ ಮೂರೂ ಸೇರಿ ಒಂದು ಕುಟುಂಬ. ಕಾಲೇಜು ಮಟ್ಟದ ಬರಹದಲ್ಲಿ ಹತ್ತು ಪದಕ್ಕೆ ಹೆಚ್ಚುಕಡಿಮೆ ಒಂದು ಪದ ಈ ಪಟ್ಟಿಯದೇ. ವಾರಕ್ಕೆ 8 ಪದ ಅಂತ ಇಟ್ಟುಕೊಂಡರೆ ಶಾಲೆ ನಡೆಯುವ 30 ವಾರಕ್ಕೆ 240 ಆಯಿತು. ಎಂಟು, ಒಂಬತ್ತು, ಹತ್ತನೇ ತರಗತಿ ಸೇರಿದರೆ 720. ಅಂದರೆ ಇದು ಮುಗಿಯದ ಕೆಲಸವಲ್ಲ. ದಿನಕ್ಕೆ ಹತ್ತು, ಇಪ್ಪತ್ತು ಪದ ಎಂಬ ಹಟ ಬೇಡ.

ಇದೇ ಗುಂಪಿನಲ್ಲಿ ಎಲ್ಲಕ್ಕಿಂತ ಮೊದಲು ಕಲಿಯಬೇಕಾದವು ಪ್ರಶ್ನೆಪತ್ರಿಕೆಯ ಪದಗಳು. ‘ಜಸ್ಟಿಫೈ’ ಅಂದರೆ ಸಮರ್ಥಿಸಿ. ‘ಡಿಸ್ಟಿಂಗ್ವಿಶ್’ ಅಂದರೆ ವ್ಯತ್ಯಾಸ ತಿಳಿಸಿ. ‘ಇಲ್ಲಸ್ಟ್ರೇಟ್’ ಅಂದರೆ ಉದಾಹರಣೆ ಕೊಟ್ಟು ವಿವರಿಸಿ. ‘ಎನ್ಯುಮರೇಟ್’ ಅಂದರೆ ಒಂದೊಂದಾಗಿ ಪಟ್ಟಿ ಮಾಡಿ. ‘ಇವ್ಯಾಲ್ಯುಯೇಟ್’ ಅಂದರೆ ಗಣಿತದಲ್ಲಿ ಬೆಲೆ ಕಂಡುಹಿಡಿಯಿರಿ, ಬೇರೆ ವಿಷಯದಲ್ಲಿ ತೂಗಿ ನೋಡಿ ಹೇಳಿ. ಉತ್ತರ ಗೊತ್ತಿದ್ದೂ ಪ್ರಶ್ನೆ ಏನು ಕೇಳುತ್ತಿದೆ ಅಂತ ತಿಳಿಯದೆ ಅಂಕ ಕಳೆದುಕೊಳ್ಳುವವರು ಬಹಳ. ಎಸ್‌ಎಸ್‌ಎಲ್‌ಸಿ ಹಳೆಯ ಪ್ರಶ್ನೆಪತ್ರಿಕೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಪ್ರತಿ ಪ್ರಶ್ನೆಯ ಕ್ರಿಯಾಪದವನ್ನು ಮಾತ್ರ ಬರೆದುಕೊಳ್ಳಿ. ಒಂದು ಭಾನುವಾರ ಮಧ್ಯಾಹ್ನ ಸಾಕು.

ಒಂದೇ ಪಾಠ, ಎರಡು ಪುಸ್ತಕ

ಕನ್ನಡ ಮಾಧ್ಯಮದವರ ಕೈಯಲ್ಲಿ ಒಂದು ಅನುಕೂಲ ಇದೆ, ಬಹಳ ಜನ ಅದನ್ನು ಬಳಸುವುದೇ ಇಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎಲ್ಲ ತರಗತಿಗಳ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಇವೆ. ವಿಜ್ಞಾನ, ಗಣಿತ, ಸಮಾಜ ವಿಜ್ಞಾನದ ಅದೇ ಪಾಠ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಪಾಠದ ಕ್ರಮ ಅದೇ, ಚಿತ್ರಗಳು ಅವೇ. ದುಡ್ಡು ಕೊಟ್ಟು ಕೊಳ್ಳುವ ಯಾವ ಪದಪುಸ್ತಕವೂ ಇದರ ಮುಂದೆ ನಿಲ್ಲುವುದಿಲ್ಲ.

ಹೀಗೆ ಮಾಡಿ. ಶಾಲೆಯಲ್ಲಿ ಒಂದು ಪಾಠ ಮುಗಿದ ಮೇಲೆ, ಅದು ಕನ್ನಡದಲ್ಲಿ ಚೆನ್ನಾಗಿ ಅರ್ಥವಾದ ಮೇಲೆ, ಅದೇ ಪಾಠದ ಇಂಗ್ಲಿಷ್ ಪುಟ ತೆಗೆಯಿರಿ. ಒಂದು ಪ್ಯಾರಾ ಕನ್ನಡದಲ್ಲಿ ಓದಿ, ಅದೇ ಪ್ಯಾರಾ ಇಂಗ್ಲಿಷಿನಲ್ಲಿ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ ಅರ್ಧಕ್ಕರ್ಧ ಪದಗಳನ್ನು ನೀವೇ ಊಹಿಸುತ್ತೀರಿ. ಹಾಗೆ ಊಹಿಸಿದ ಪದ ಡಿಕ್ಷನರಿ ನೋಡಿ ತಿಳಿದ ಪದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಹತ್ತನೇ ತರಗತಿಯ ಬೆಳಕಿನ ಪಾಠವನ್ನೇ ನೋಡಿ. ಪ್ರತಿಫಲನ ‘ರಿಫ್ಲೆಕ್ಷನ್’ ಆಗುತ್ತದೆ, ವಕ್ರೀಭವನ ‘ರಿಫ್ರ್ಯಾಕ್ಷನ್’. ನಿಮ್ನ ದರ್ಪಣ ‘ಕಾನ್‌ಕೇವ್ ಮಿರರ್’, ಪೀನ ದರ್ಪಣ ‘ಕಾನ್ವೆಕ್ಸ್ ಮಿರರ್’. ಇವು ಪಾರಿಭಾಷಿಕ ಪದಗಳು, ತಾವಾಗಿಯೇ ಬರುತ್ತವೆ. ನಿಮ್ಮ ಪೆನ್ಸಿಲ್ಲು ಹೋಗಬೇಕಾದದ್ದು ಬಿಂಬ ಹೇಗಿದೆ ಎಂದು ಹೇಳುವ ಪದಗಳ ಮೇಲೆ: ಮಿಥ್ಯ ಬಿಂಬಕ್ಕೆ ‘ವರ್ಚುವಲ್’, ತಲೆಕೆಳಗಾದದ್ದಕ್ಕೆ ‘ಇನ್ವರ್ಟೆಡ್’, ನೇರವಾದದ್ದಕ್ಕೆ ‘ಇರೆಕ್ಟ್’, ದೊಡ್ಡದಾದದ್ದಕ್ಕೆ ‘ಮ್ಯಾಗ್ನಿಫೈಡ್’, ಚಿಕ್ಕದಾದದ್ದಕ್ಕೆ ‘ಡಿಮಿನಿಶ್ಡ್’. ಇವು ಬೆಳಕಿನ ಪಾಠದಲ್ಲಿ ನಿಲ್ಲುವುದಿಲ್ಲ. ವರ್ಚುವಲ್ ಕ್ಲಾಸು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಕೆರೆ ನೀರು ಕಡಿಮೆಯಾದರೆ ಅದೂ ಡಿಮಿನಿಶ್ ಆಗುವುದೇ. ಒಂದು ಪುಟದಲ್ಲಿ ಇಂಥ ಎರಡು ಪದ ಆರಿಸಿಕೊಂಡರೆ ಸಾಕು. ಗೊತ್ತಿಲ್ಲದ ಎಲ್ಲ ಪದಕ್ಕೂ ಗೆರೆ ಎಳೆದರೆ ಪುಟ ಪೂರ್ತಿ ಗೆರೆಯಾಗುತ್ತದೆ, ಆಮೇಲೆ ಪುಸ್ತಕ ಮುಚ್ಚುವ ಮನಸ್ಸಾಗುತ್ತದೆ.

ಪದಕ್ಕೆ ಪದ ಹೊಂದಿಸಲು ಹೋಗಬೇಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ವಾಕ್ಯ ಪೂರ್ತಿ ಓದಿ, ಆಮೇಲೆ ಪದ ಹುಡುಕಿ.

ಕೆಆರ್‌ಎಸ್ ಸುದ್ದಿಯಿಂದ ಇಂಗ್ಲಿಷ್

ಮಳೆಗಾಲ ಶುರುವಾದರೆ ನಮ್ಮ ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳಲ್ಲಿ ದಿನಾ ಕೇಳುವ ಪ್ರಶ್ನೆ ಒಂದೇ: ಕಟ್ಟೆ ಎಷ್ಟಡಿ ಆಯ್ತು? ಕೆಆರ್‌ಎಸ್ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಅನ್ನುವುದು ನಾಲ್ಕನೇ ಕ್ಲಾಸಿನ ಮಗುವಿಗೂ ಗೊತ್ತು. ಒಳಹರಿವು, ಹೊರಹರಿವು, ಕ್ಯೂಸೆಕ್, ಟಿಎಂಸಿ ಎಲ್ಲವೂ ಮನೆಮಾತು. ಇಷ್ಟು ಪರಿಚಯದ ವಿಷಯ ಇರುವಾಗ ಇಂಗ್ಲಿಷ್ ಕಲಿಯಲು ಲಂಡನ್ನಿನ ಹವಾಮಾನದ ಕಥೆ ಯಾಕೆ ಬೇಕು?

ಕನ್ನಡ ಪತ್ರಿಕೆಯಲ್ಲಿ ಕಟ್ಟೆ ಸುದ್ದಿ ಓದಿದ ದಿನವೇ ಇಂಗ್ಲಿಷ್ ಪತ್ರಿಕೆಯಲ್ಲೂ ಅದನ್ನೇ ಓದಿ. ಮೈಸೂರಿನದೇ ಆದ ಸ್ಟಾರ್ ಆಫ್ ಮೈಸೂರು 1978ರಿಂದ ಬರುತ್ತಿರುವ ಸಂಜೆ ಪತ್ರಿಕೆ. ಅಂತರ್ಜಾಲದಲ್ಲೂ ಓದಬಹುದು. ಊರಿನ ರಸ್ತೆ, ಊರಿನ ಮಾರ್ಕೆಟ್ಟು, ಊರಿನ ಹೆಸರುಗಳೇ ಇರುವುದರಿಂದ ದಿಲ್ಲಿ ಪತ್ರಿಕೆಗಿಂತ ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ. ಕಟ್ಟೆ ಸುದ್ದಿಯೊಂದರಲ್ಲೇ ರಿಸರ್ವಾಯರ್, ಇನ್‌ಫ್ಲೋ, ಔಟ್‌ಫ್ಲೋ, ಕ್ಯಾಚ್‌ಮೆಂಟ್, ಅಪ್‌ಸ್ಟ್ರೀಮ್, ಡೌನ್‌ಸ್ಟ್ರೀಮ್, ಸರ್ಪ್ಲಸ್, ಡೆಫಿಸಿಟ್ ಸಿಗಬಹುದು. ಸರ್ಪ್ಲಸ್ ಅಂದರೆ ಹೆಚ್ಚುವರಿ, ಡೆಫಿಸಿಟ್ ಅಂದರೆ ಕೊರತೆ. ಇವೇ ಎರಡು ಪದ ಅರ್ಥಶಾಸ್ತ್ರದ ಬಜೆಟ್ ಪಾಠದಲ್ಲಿ ಮತ್ತೆ ಬರುತ್ತವೆ.

ಕಾವೇರಿ ವಿವಾದದ ಸುದ್ದಿ ಇನ್ನೂ ದೊಡ್ಡ ಗಣಿ. ಡಿಸ್ಪ್ಯೂಟ್, ಟ್ರಿಬ್ಯೂನಲ್, ವರ್ಡಿಕ್ಟ್, ಇಂಪ್ಲಿಮೆಂಟ್, ಅಲೊಕೇಟ್. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿತು. ತಮಿಳುನಾಡಿಗೆ 404.25 ಟಿಎಂಸಿ ಉಳಿಯಿತು. ಹೀಗೆ ಇದು ನಿಮ್ಮ ಪಾಲು, ಇದು ಅವರ ಪಾಲು ಅಂತ ಹಂಚಿ ಗೊತ್ತುಮಾಡುವುದೇ ‘ಅಲೊಕೇಟ್’. ಗದ್ದೆ ಇರುವ ಮನೆಯ ಮಗು ಈ ಪದವನ್ನು ಮರೆಯುವುದು ಕಷ್ಟ.

ಆದರೆ ಪತ್ರಿಕೆಯಲ್ಲಿ ಕಂಡದ್ದೆಲ್ಲಾ ಬೇಕು ಅಂತ ಇಲ್ಲ. ದಸರಾ ಬಂದಾಗ ಇಂಗ್ಲಿಷ್ ಪತ್ರಿಕೆಗಳು ‘ಕ್ಯಾಪ್ಯಾರಿಸನ್ಡ್ ಎಲಿಫೆಂಟ್’ ಎಂದು ಬರೆಯುತ್ತವೆ. ಅಲಂಕಾರದ ಬಟ್ಟೆ ಹೊದಿಸಿದ ಆನೆ ಎಂದರ್ಥ. 750 ಕಿಲೋ ತೂಕದ ಚಿನ್ನದ ಅಂಬಾರಿಗೆ ‘ಹೌಡಾ’ ಅನ್ನುತ್ತಾರೆ. ಓದಿ ಖುಷಿಪಡಿ, ಬಿಟ್ಟುಬಿಡಿ. ಜಂಬೂ ಸವಾರಿ ಮುಗಿದ ಮೇಲೆ ಮುಂದಿನ ವರ್ಷದವರೆಗೆ ಆ ಪದಗಳಿಗೆ ಕೆಲಸವಿಲ್ಲ. ಅದೇ ಸುದ್ದಿಯಲ್ಲಿರುವ ‘ಹೆರಿಟೇಜ್’, ‘ಪ್ರೊಸೆಷನ್’, ‘ಇಲ್ಯುಮಿನೇಟ್’ ಮಾತ್ರ ಉಳಿಸಿಕೊಳ್ಳಿ. ಮೈಸೂರು ಮೃಗಾಲಯಕ್ಕೆ ಹೋದಾಗ ಬೋನಿನ ಮುಂದಿನ ಫಲಕ ಓದುವುದೂ ಒಳ್ಳೆಯ ಅಭ್ಯಾಸ. ಹ್ಯಾಬಿಟ್ಯಾಟ್, ನಾಕ್ಟರ್ನಲ್, ಎಂಡೇಂಜರ್ಡ್ ಪದಗಳನ್ನು ಪ್ರಾಣಿಯನ್ನು ನೋಡುತ್ತಾ ಕಲಿತರೆ ಜೀವಶಾಸ್ತ್ರಕ್ಕೆ ಬೇರೆ ಓದಬೇಕಿಲ್ಲ. ಮಂಗಳವಾರ ಮಾತ್ರ ಹೋಗಬೇಡಿ, ಅವತ್ತು ರಜೆ.

ಟ್ರ್ಯಾಕ್ಟರಿನಿಂದ ಎಷ್ಟು ಪದ ಎಳೆಯಬಹುದು?

ಕಬ್ಬಿನ ಲೋಡು ಎಳೆದುಕೊಂಡು ಹೋಗುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ಎಲ್ಲರೂ ಬೈದಿರುತ್ತೇವೆ. ಇಂಗ್ಲಿಷ್ ಕಲಿಯುವವರಿಗೆ ಅದೊಂದು ಒಳ್ಳೆಯ ಗಾಡಿ. ಲ್ಯಾಟಿನ್ ಮೂಲದ ‘ಟ್ರ್ಯಾಕ್ಟ್’ ಅಂದರೆ ಎಳೆ. ಎಳೆಯುವ ಯಂತ್ರ ಟ್ರ್ಯಾಕ್ಟರ್. ಈಗ ಮುಂದಿನದು ನೋಡಿ.

ತನ್ನ ಕಡೆಗೆ ಎಳೆದರೆ ಅಟ್ರ್ಯಾಕ್ಟ್. ಹೊರಕ್ಕೆ ಎಳೆದರೆ ಎಕ್ಸ್‌ಟ್ರ್ಯಾಕ್ಟ್. ಆಲೆಮನೆಯಲ್ಲಿ ಗಾಣಕ್ಕೆ ಕೊಟ್ಟು ಕಬ್ಬಿನ ಹಾಲು ತೆಗೆಯುವುದು ಅದೇ. ಗಮನವನ್ನು ಬೇರೆ ಕಡೆ ಎಳೆದರೆ ಡಿಸ್‌ಟ್ರ್ಯಾಕ್ಟ್. ಉದಾಹರಣೆ ಎಲ್ಲರ ಜೇಬಿನಲ್ಲೂ ಇದೆ. ಒಟ್ಟಿಗೆ ಎಳೆದುಕೊಂಡರೆ ಕಾಂಟ್ರ್ಯಾಕ್ಟ್. ಸ್ನಾಯು ಸಂಕುಚಿಸುವುದಕ್ಕೂ ಅದೇ ಪದ, ಇಬ್ಬರು ಕೂಡಿ ಮಾಡಿಕೊಳ್ಳುವ ಕರಾರಿಗೂ ಅದೇ ಪದ. ಹಿಂದಕ್ಕೆ ಎಳೆದುಕೊಂಡರೆ ರಿಟ್ರ್ಯಾಕ್ಟ್. ರಾಜಕಾರಣಿಗಳು ಹೇಳಿಕೆ ಕೊಟ್ಟು ಮಾರನೆಯ ದಿನ ಮಾಡುವುದು. ಸಂಖ್ಯೆಯಿಂದ ಎಳೆದು ತೆಗೆದರೆ ಸಬ್‌ಟ್ರ್ಯಾಕ್ಟ್. ವರ್ಷಗಟ್ಟಲೆ ಮುಂದಕ್ಕೆ ಎಳೆದುಕೊಂಡು ಹೋದದ್ದು ಪ್ರೊಟ್ರ್ಯಾಕ್ಟೆಡ್. ಕಾವೇರಿ ವಿವಾದಕ್ಕೆ ಹೇಳಿ ಮಾಡಿಸಿದ ಪದ.

ಇದು ಹೊಸ ವಿದ್ಯೆಯೇನೂ ಅಲ್ಲ. ಕನ್ನಡ ವ್ಯಾಕರಣದಲ್ಲಿ ಉಪಸರ್ಗ ಓದಿದ್ದೀರಲ್ವಾ? ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ. ಮೂಲ ಒಂದೇ, ಮುಂದೆ ಸೇರಿದ್ದು ಬದಲಾದರೆ ಅರ್ಥವೇ ಬದಲು. ಟ್ರ್ಯಾಕ್ಟ್ ಕುಟುಂಬದ ಕೆಲಸವೂ ಹಾಗೆಯೇ. ಇದೇ ರೀತಿ ಹೊರುವ ಅರ್ಥದ ‘ಪೋರ್ಟ್’, ನೋಡುವ ಅರ್ಥದ ‘ಸ್ಪೆಕ್ಟ್’, ಹೇಳುವ ಅರ್ಥದ ‘ಡಿಕ್ಟ್’, ಬರೆಯುವ ಅರ್ಥದ ‘ಸ್ಕ್ರಿಪ್ಟ್’ ಹಿಡಿದು ನೀವೇ ಕುಟುಂಬ ಕಟ್ಟಿ. ತಿಂಗಳಿಗೆ ಒಂದು ಮೂಲ ಸಾಕು. ನೂರು ಮೂಲಗಳ ಪಟ್ಟಿ ಇಟ್ಟುಕೊಂಡು ಉರು ಹೊಡೆದರೆ ಮತ್ತೆ ಹಳೆಯ ಕಥೆಯೇ.

ಮನೆಯಲ್ಲೇ ಇರುವ ಇನ್ನೊಂದು ಪದ ರೇಷನ್. ರೇಷನ್, ರೇಶಿಯೋ, ರೇಷನಲ್ ಮೂರಕ್ಕೂ ಲೆಕ್ಕ ಎಂಬ ಅರ್ಥದ ಒಂದೇ ಲ್ಯಾಟಿನ್ ಮೂಲ. ತಲೆ ಲೆಕ್ಕದಲ್ಲಿ ಹಂಚುವುದು ರೇಷನ್. ಎರಡು ಸಂಖ್ಯೆಗಳ ಅನುಪಾತ ರೇಶಿಯೋ. ಎರಡು ಪೂರ್ಣಾಂಕಗಳ ಅನುಪಾತವಾಗಿ ಬರೆಯಬಹುದಾದದ್ದು ರೇಷನಲ್ ನಂಬರ್, ಅಂದರೆ ನಮ್ಮ ಭಾಗಲಬ್ಧ ಸಂಖ್ಯೆ. ಲೆಕ್ಕ ಹಾಕಿ ಯೋಚಿಸುವವರೂ ರೇಷನಲ್.

ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳೂ ಇಲ್ಲಿ ಕೆಲಸಕ್ಕೆ ಬರುತ್ತವೆ. ಕನ್ನಡ ದ್ರಾವಿಡ ಭಾಷೆ, ಇಂಗ್ಲಿಷಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಆದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ ಕೋಲ್ಕತ್ತಾದಲ್ಲಿ 1786ರಲ್ಲಿ ಮಾಡಿದ ಭಾಷಣ ಪ್ರಸಿದ್ಧ. ಹಾಗಾಗಿ ದಂತಕ್ಕೆ ಡೆಂಟಲ್, ಪಾದಕ್ಕೆ ಪೆಡಲ್ ಮತ್ತು ಪೆಡೆಸ್ಟ್ರಿಯನ್, ಅಮೃತಕ್ಕೆ ಇಮ್ಮಾರ್ಟಲ್ ದೂರದ ನೆಂಟರು. ಪೆಡೆಸ್ಟ್ರಿಯನ್ ಅಂದರೆ ಪಾದಚಾರಿ ಅಂತ ಒಮ್ಮೆ ಹೊಳೆದರೆ ಸಾಕು, ಮತ್ತೆ ಬಾಯಿಪಾಠ ಬೇಕಿಲ್ಲ.

ಊಹೆ ಕೈಕೊಡುವ ಕಡೆಯೂ ಇದೆ. ಮುಂದೆ ‘ಇನ್’ ಬಂದರೆ ಇಲ್ಲ ಎಂದರ್ಥ ಅಂದುಕೊಂಡು ‘ಇನ್‌ಫ್ಲೇಮಬಲ್’ ಪದವನ್ನು ಹೊತ್ತಿಕೊಳ್ಳದ್ದು ಎಂದು ಓದಿದರೆ ಅಪಾಯ. ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರುಗಳ ಹಿಂದೆ ಬರೆದಿರುವುದು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಎಂದು. ಮೂಲ ನೋಡಿ ಊಹಿಸಿ, ಡಿಕ್ಷನರಿ ನೋಡಿ ಖಚಿತ ಮಾಡಿಕೊಳ್ಳಿ.

ಪದದ ಜೊತೆಗಾರರನ್ನೂ ಬರೆದುಕೊಳ್ಳಿ

ಕನ್ನಡದಲ್ಲಿ ಸಂಬಂಧ ಹೇಳುವ ಕೆಲಸ ವಿಭಕ್ತಿ ಪ್ರತ್ಯಯದ್ದು. ಇಂಗ್ಲಿಷಿನಲ್ಲಿ ಬಹುಪಾಲು ಅದು ಪ್ರಿಪೊಸಿಷನ್ನಿನದು. ಆದ್ದರಿಂದ ‘ಡಿಪೆಂಡ್’ ಅಂತ ಒಂದನ್ನೇ ಬರೆಯದೆ ‘ಡಿಪೆಂಡ್ ಆನ್’ ಅಂತ ಬರೆಯಿರಿ. ‘ಕನ್ಸಿಸ್ಟ್ ಆಫ್’, ‘ಕಾಂಟ್ರಿಬ್ಯೂಟ್ ಟು’, ‘ಕೋಪ್ ವಿತ್’ ಹಾಗೆಯೇ. ನಾವು ‘ಅದರ ಬಗ್ಗೆ ಚರ್ಚಿಸಿದರು’ ಅನ್ನುವುದರಿಂದ ಇಂಗ್ಲಿಷಿನಲ್ಲೂ ‘ಡಿಸ್ಕಸ್ ಅಬೌಟ್’ ಅಂದುಬಿಡುತ್ತೇವೆ. ಅಲ್ಲಿ ‘ಡಿಸ್ಕಸ್’ ಆದ ಮೇಲೆ ನೇರವಾಗಿ ವಿಷಯ ಬರಬೇಕು, ‘ಅಬೌಟ್’ ಬೇಡ.

ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಇನ್ನೊಂದು ಗುಂಡಿ ಇದೆ. ‘ಫೇಮಸ್’ ಪಕ್ಕದಲ್ಲಿ ‘ನೊಟೋರಿಯಸ್’ ಅಂತ ಕಂಡು, ಪ್ರಬಂಧದಲ್ಲಿ ‘ಮೈಸೂರು ಪಾಕ್ ನೊಟೋರಿಯಸ್ ತಿಂಡಿ’ ಅಂತ ಬರೆದರೆ ಏನಾಗುತ್ತದೆ? ನೊಟೋರಿಯಸ್ ಅಂದರೆ ಕುಖ್ಯಾತ. ಸಕ್ಕರೆ ಕಾಯಿಲೆ ಇರುವವರು ಬೇಕಾದರೆ ಹಾಗೆ ಅನ್ನಲಿ. ಪದದ ಅರ್ಥದ ಜೊತೆ ಅದರ ಗುಣವೂ ಗೊತ್ತಿರಬೇಕು. ಅದಕ್ಕೇ ಡಿಕ್ಷನರಿಯ ಉದಾಹರಣೆ ವಾಕ್ಯ ಓದದೆ ಪದ ಬಳಸಬೇಡಿ. ಕಲಿಯುವವರಿಗಾಗಿಯೇ ಮಾಡಿದ ಕೇಂಬ್ರಿಡ್ಜ್, ಆಕ್ಸ್‌ಫರ್ಡ್ ಡಿಕ್ಷನರಿಗಳು ಅಂತರ್ಜಾಲದಲ್ಲಿ ಉಚಿತ. ಕನ್ನಡ ಅರ್ಥಕ್ಕೆ ರಾಜ್ಯ ಸರ್ಕಾರದ ‘ಪದಕಣಜ’ ಜಾಲತಾಣ ಇದೆ. ಕನ್ನಡ ಪದ ಗೊತ್ತಿದ್ದು ಇಂಗ್ಲಿಷ್ ಬೇಕಾದಾಗ ‘ಅಲರ್’ ಎಂಬ ಅಂತರ್ಜಾಲದ ಕನ್ನಡ-ಇಂಗ್ಲಿಷ್ ನಿಘಂಟು ನೋಡಿ.

ಕಾರ್ಡು ಮತ್ತು ಡಬ್ಬ

ಆರಿಸಿದ ಪದ ಉಳಿಯಬೇಕಲ್ಲ? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ವಿಷಯ ಇದು: ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ, ಆಮೇಲೆ ಮರೆಯುವ ವೇಗ ನಿಧಾನವಾಗುತ್ತದೆ. ಅಂದರೆ ಭಾನುವಾರ ಒಂದೇ ಸಲ ಎರಡು ಗಂಟೆ ಕೂರುವುದಕ್ಕಿಂತ ದಿನಾ ಹತ್ತು ನಿಮಿಷ ಮೇಲು. ಅದೇ ಜರ್ಮನ್ ಭಾಷೆಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಇದಕ್ಕೊಂದು ಸುಲಭ ಡಬ್ಬದ ವಿಧಾನ ಹೇಳಿದರು.

ಹಳೆಯ ಮದುವೆ ಕಾಗದಗಳನ್ನು ಇಸ್ಪೀಟು ಎಲೆಯ ಅಳತೆಗೆ ಕತ್ತರಿಸಿಕೊಳ್ಳಿ. ಹಿಂಬದಿ ಖಾಲಿ ಇರುವುದನ್ನು ಆರಿಸಿ, ಅಚ್ಚಾದ ಬದಿಗಳು ಒಳಗೆ ಬರುವ ಹಾಗೆ ಎರಡನ್ನು ಅಂಟಿಸಿದರೆ ಗಟ್ಟಿ ಕಾರ್ಡು. ಒಂದು ಕಡೆ ಇಂಗ್ಲಿಷ್ ಪದ, ಜೊತೆಗಾರನ ಸಮೇತ. ಇನ್ನೊಂದು ಕಡೆ ಚಿಕ್ಕ ಕನ್ನಡ ಅರ್ಥ, ಅದೇ ಕುಟುಂಬದ ಒಂದೆರಡು ಪದ, ನೀವೇ ಕಟ್ಟಿದ ಒಂದು ವಾಕ್ಯ. ವಾಕ್ಯ ನಿಮ್ಮ ಮನೆಯದ್ದೋ ಊರಿನದ್ದೋ ಆಗಿರಲಿ. ‘ನಾಲೆಯ ನೀರು ಏಪ್ರಿಲ್ಲಿನಲ್ಲಿ ಡಿಮಿನಿಶ್ ಆಯಿತು’ ಎಂಬುದನ್ನೇ ಪೂರ್ತಿ ಇಂಗ್ಲಿಷಿನಲ್ಲಿ ಬರೆಯಿರಿ. ಡಿಕ್ಷನರಿಯ ವಾಕ್ಯ ನಕಲು ಮಾಡಿದರೆ ಕೈ ಮಾತ್ರ ಕೆಲಸ ಮಾಡುತ್ತದೆ.

ಚಪ್ಪಲಿ ಡಬ್ಬದಲ್ಲಿ ರಟ್ಟು ಇಟ್ಟು ಮೂರು ಮನೆ ಮಾಡಿ. ಹೊಸ ಕಾರ್ಡು ಮೊದಲ ಮನೆಗೆ. ಅದನ್ನು ದಿನಾ ನೋಡಬೇಕು. ಸರಿ ಹೇಳಿದರೆ ಎರಡನೆಯ ಮನೆಗೆ, ಅದನ್ನು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿ ಆದರೆ ಮೂರನೆಯ ಮನೆಗೆ, ಅದನ್ನು ವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ವಾಪಸ್ ಮೊದಲ ಮನೆಗೆ. ಒಂದು ನಿಯಮ ಕಟ್ಟುನಿಟ್ಟು: ಕಾರ್ಡು ತಿರುಗಿಸುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಬೇಕು. ಸುಮ್ನೆ ಎರಡೂ ಕಡೆ ಓದಿದರೆ ಗೊತ್ತಿದೆ ಅನ್ನಿಸುತ್ತದೆ, ಪರೀಕ್ಷೆ ದಿನ ಬರುವುದಿಲ್ಲ. ಒಂದು ದಿನ ಇಂಗ್ಲಿಷ್ ನೋಡಿ ಕನ್ನಡ ಹೇಳಿ, ಇನ್ನೊಂದು ದಿನ ಕನ್ನಡ ನೋಡಿ ಇಂಗ್ಲಿಷ್ ಹೇಳಿ. ಎರಡನೆಯದು ಕಷ್ಟ, ಬರವಣಿಗೆಗೆ ಬೇಕಾದದ್ದು ಅದೇ.

ಇದನ್ನೇ ಮಾಡುವ ಆ್ಯಂಕಿ ಎಂಬ ಆ್ಯಪ್ ಇದೆ, ಆಂಡ್ರಾಯ್ಡಿನಲ್ಲಿ ಉಚಿತ. ಆದರೆ ಫೋನು ಕೈಗೆ ಬಂದರೆ ಹತ್ತು ನಿಮಿಷ ಹತ್ತೇ ನಿಮಿಷವಾಗಿ ಉಳಿಯುವುದಿಲ್ಲ. ಹೈಸ್ಕೂಲು ಮಕ್ಕಳಿಗೆ ನಾನು ಹೇಳುವುದು ರಟ್ಟಿನ ಡಬ್ಬವನ್ನೇ.

ಉಚ್ಚಾರಣೆ, ಸ್ಪೆಲ್ಲಿಂಗ್

ಕಾರ್ಡಿನ ಮೂಲೆಯಲ್ಲಿ ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಆದರೆ ಅದರ ಮೊದಲು ಡಿಕ್ಷನರಿಯ ಸ್ಪೀಕರ್ ಗುರುತು ಒತ್ತಿ ಎರಡು ಸಲ ಕೇಳಿ. ನಾವು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಕಡೆ ಒತ್ತು ಬೀಳುತ್ತದೆ. ಫೋಟೋಗ್ರಾಫ್ ಅನ್ನುವಾಗ ಒತ್ತು ‘ಫೋ’ ಮೇಲೆ, ಫೊಟಾಗ್ರಫಿ ಅನ್ನುವಾಗ ‘ಟಾ’ ಮೇಲೆ. ಒತ್ತು ಬಿದ್ದ ಅಕ್ಷರದ ಕೆಳಗೆ ಒಂದು ಗೆರೆ ಎಳೆದಿಟ್ಟುಕೊಳ್ಳಿ.

ಮಂಡ್ಯದ ಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ, ಹಸು ‘ಅಸು’ ಆಗುತ್ತದೆ. ಅದು ನಮ್ಮ ಮಾತಿನ ಸೊಗಸು, ಯಾರೋ ನಕ್ಕರೆಂದು ಬಿಡಬೇಕಾಗಿಲ್ಲ. ಇಂಗ್ಲಿಷ್ ಓದುವಾಗ ಮಾತ್ರ ಹೀಟ್ ಬೇರೆ, ಈಟ್ ಬೇರೆ. ಹಾರ್ಮ್ ಬೇರೆ, ಆರ್ಮ್ ಬೇರೆ. ಗಟ್ಟಿಯಾಗಿ ಓದಿದರೆ ತಾನಾಗಿ ಸರಿಹೋಗುತ್ತದೆ.

ಮೂಕ ಅಕ್ಷರಗಳಿಗೆ ಪದದ ಕುಟುಂಬವೇ ಔಷಧಿ. ಸಾಲ ಎಂಬ ಅರ್ಥದ ‘ಡೆಟ್’ ಪದದಲ್ಲಿ ಕೇಳಿಸದ ಬಿ ಅಕ್ಷರ ಎಲ್ಲಿಂದ ಬಂತು? ಲ್ಯಾಟಿನ್ ಮೂಲ ನೆನಪಿಗಿರಲಿ ಎಂದು ಹಿಂದಿನ ಪಂಡಿತರು ಸೇರಿಸಿದ್ದು ಅದು. ನಿಮಗೆ ಡೆಬಿಟ್ ಕಾರ್ಡು ನೆನಪಾದರೆ ಸಾಕು, ಬಿ ತಪ್ಪುವುದಿಲ್ಲ. ‘ಸೈನ್’ ಪದದ ಕೇಳಿಸದ ಜಿ, ಸಿಗ್ನೇಚರ್‌ನಲ್ಲಿ ಕೇಳಿಸುತ್ತದೆ. ‘ಮಸಲ್’ ಪದದ ಸಿ, ಮಸ್ಕ್ಯುಲರ್‌ನಲ್ಲಿ ಕೇಳಿಸುತ್ತದೆ. ‘ಕಂಡೆಮ್’ ಕೊನೆಯ ಎನ್, ಕಂಡೆಮ್ನೇಷನ್‌ನಲ್ಲಿ.

ಇಂಗ್ಲಿಷ್ ಬಾರದ ಅಪ್ಪ ಅಮ್ಮ ಏನು ಮಾಡಬಹುದು

ಬಹಳ ಮಾಡಬಹುದು. ಕಾರ್ಡಿನ ಕನ್ನಡ ಬದಿ ನಿಮ್ಮ ಕಡೆ ಇರಲಿ. ಅರ್ಥ ನೀವು ಓದಿ, ಇಂಗ್ಲಿಷ್ ಪದ ಮಗು ಹೇಳಲಿ. ಸ್ಪೆಲ್ಲಿಂಗನ್ನು ಒಂದೊಂದೇ ಅಕ್ಷರ ಹೇಳುತ್ತಾ ಹೋದಂತೆ ನೀವು ತಿರುಗಿಸಿ ನೋಡಿದರಾಯಿತು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಲೇ ನಡೆಯುವ ಕೆಲಸ ಇದು. ‘ಆ ಪದ ಅಂದ್ರೆ ಏನೋ, ನನಗೂ ಹೇಳು’ ಅಂತ ಕೇಳಿ. ಇನ್ನೊಬ್ಬರಿಗೆ ಬಿಡಿಸಿ ಹೇಳಲು ಹೋದಾಗಲೇ ತನಗೆ ಎಷ್ಟು ಗೊತ್ತು ಅಂತ ಮಗುವಿಗೆ ತಿಳಿಯುವುದು. ಪಕ್ಕದ ಮನೆ ಮಗುವಿನ ಜೊತೆ ಹೋಲಿಕೆ ಮಾತ್ರ ಬೇಡ.

ಎಸ್‌ಎಸ್‌ಎಲ್‌ಸಿ ಆದ ಮೇಲಿನ ರಜೆ

ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸಿಗೆ ಹೋಗುವವರು ಈ ರಜೆಯನ್ನು ಪೂರ್ತಿ ಕಳೆಯಬೇಡಿ. ಹತ್ತನೇ ತರಗತಿಯ ವಿಜ್ಞಾನ ಮತ್ತು ಗಣಿತ ಪುಸ್ತಕಗಳನ್ನೇ ಇನ್ನೊಮ್ಮೆ ಇಂಗ್ಲಿಷಿನಲ್ಲಿ ಓದಿ ಮುಗಿಸಿ. ಜವ ‘ಸ್ಪೀಡ್’, ವೇಗ ‘ವೆಲಾಸಿಟಿ’, ವೇಗೋತ್ಕರ್ಷ ‘ಆ್ಯಕ್ಸಲರೇಷನ್’, ಸಂವೇಗ ‘ಮೊಮೆಂಟಮ್’ ಎಂಬ ಜೋಡಿಗಳು ಕಾಲೇಜು ಶುರುವಾಗುವ ಮೊದಲೇ ನಾಲಿಗೆ ಮೇಲಿರಲಿ. ಪಿಯು ಸೈನ್ಸಿಗೆ ಬಳಸುವ ಎನ್‌ಸಿಇಆರ್‌ಟಿ ಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತ. ಪ್ರತಿ ವಿಷಯದ ಮೊದಲ ಪಾಠ ಮಾತ್ರ ಓದಿ ನೋಡಿ.

ಅಲ್ಲಿ ಕಾಡುವುದು ದೊಡ್ಡ ಪದಗಳಿಗಿಂತ ವಾಕ್ಯಗಳನ್ನು ಹೊಲಿಯುವ ಚಿಕ್ಕ ಪದಗಳು. ‘ಹೆನ್ಸ್’ ಅಂದರೆ ಆದ್ದರಿಂದ. ‘ವೇರ್‌ಆಸ್’ ಅಂದರೆ ಇದು ಹೀಗಿದ್ದರೆ ಅದು ಹಾಗೆ. ‘ಪ್ರೊವೈಡೆಡ್ ದಟ್’ ಅಂದರೆ ಈ ಷರತ್ತು ಇದ್ದರೆ ಮಾತ್ರ. ‘ರಿಸ್ಪೆಕ್ಟಿವ್ಲಿ’ ಅಂದರೆ ಗಣಿತದ ಲೆಕ್ಕಗಳಲ್ಲಿ ನೀವು ನೂರು ಸಲ ಓದಿರುವ ‘ಕ್ರಮವಾಗಿ’. ಉಪನ್ಯಾಸಕರು ವೇಗವಾಗಿ ಹೇಳುತ್ತಾ ಹೋಗುವಾಗ ಇವು ಜಾರಿದರೆ ಇಡೀ ವಾಕ್ಯ ಜಾರುತ್ತದೆ. ಇವಕ್ಕೂ ಕಾರ್ಡು ಮಾಡಿ.

ಕಾಲೇಜು ಶುರುವಾದ ಮೊದಲ ವಾರಗಳಲ್ಲಿ ಕ್ಲಾಸಿನಲ್ಲಿ ಕೇಳಿದ ಪದದ ಸ್ಪೆಲ್ಲಿಂಗ್ ಗೊತ್ತಾಗದಿದ್ದರೆ, ಕೇಳಿಸಿದ ಹಾಗೆ ಕನ್ನಡ ಅಕ್ಷರದಲ್ಲೇ ನೋಟ್ಸಿನ ಅಂಚಿನಲ್ಲಿ ಗೀಚಿಕೊಳ್ಳಿ. ಬರೆಯುವುದನ್ನು ನಿಲ್ಲಿಸಬೇಡಿ. ಸಂಜೆ ಅದೇ ಪಾಠದ ಪುಟ ತೆಗೆದು ಹುಡುಕಿದರೆ ಬಹುಪಾಲು ಅಲ್ಲೇ ಸಿಗುತ್ತದೆ. ಸಿಗದೇ ಉಳಿದ ಒಂದೆರಡನ್ನು ಮಾರನೆಯ ದಿನ ಲೆಕ್ಚರರ್ ಹತ್ತಿರ ಹೋಗಿ ‘ಸಾರ್, ಈ ಪದ ಹೇಗೆ ಬರೆಯುವುದು’ ಅಂತ ಕೇಳಿ.